ನಮ್ಮವರೇ ಹಿಡಿದ ಕಾಲು

ಸೋಲು ಮಂಗಳಾಳಿಗೆ ಹೊಸದೇನಲ್ಲ. ಕಬಡ್ಡಿ ಆಡುತ್ತಿದ್ದ ಕಾಲದಲ್ಲಿ ಗೆದ್ದದ್ದಕ್ಕಿಂತ ಸೋತದ್ದೇ ಹೆಚ್ಚು. ಆದರೆ ಅಲ್ಲಿ ಯಾರು ಹಿಡಿದರು, ಎಲ್ಲಿ ಹಿಡಿದರು ಎಂಬುದು ಮೈಗೇ ಗೊತ್ತಾಗುತ್ತಿತ್ತು. ತಿಪಟೂರು ನಗರಸಭೆ ಚುನಾವಣೆಯಲ್ಲಿ ಒಂದು ಬಸ್ಸು ತುಂಬುವಷ್ಟು ಓಟಿನಿಂದ ಸೋತಾಗ ಮಾತ್ರ ಹಿಡಿದ ಕೈ ಯಾರದೆಂದು ತಿಳಿಯಲಿಲ್ಲ.

ತಿಳಿಸಿದವರು ಪಕ್ಷದ ಹಿರಿಯ ಶ್ರೀರಂಗಯ್ಯ. ಎಣಿಕೆ ಮುಗಿದ ಮರುದಿನ ಬೆಳಿಗ್ಗೆ ಮನೆಗೆ ಬಂದವರು ಕಾಫಿ ಆರುವ ಮುಂಚೆಯೇ ಶುರು ಮಾಡಿದರು.

"ನಿನ್ನ ಕಬಡ್ಡಿ ಹುಡುಗೀರ ಬೀದೀನೇ ಕಣಮ್ಮ ಕೈ ಕೊಟ್ಟಿದ್ದು. ಆಟ ಆದ್ಮೇಲೆ ನೀನ್ ಕೊಡೋ ಬಾಳೆಹಣ್ಣು ತಿಂದು ಎದುರು ಪಾರ್ಟಿಗೆ ಒತ್ತವ್ರೆ. ಆ ಆಟ ನಿಲ್ಲಿಸ್ಬುಡು. ಹೆಣ್ಮಕ್ಳು ಮನೇಲಿ ಕೂತ್ಕಂಡ್ರೆ ಅವರಮ್ಮಂದ್ರೇ ನಿನ್ನ ಹುಡುಕ್ಕಂಡು ಬತ್ತಾರೆ."

ಅವರು ಅತ್ತ ಹೋಗುತ್ತಲೇ ಅಡುಗೆಮನೆಯಿಂದ ಅಜ್ಜಿ ಚಿಕ್ಕಗೌರಮ್ಮನ ದನಿ ಕೇಳಿತು: "ಕೋಳಿ ಮೇಲಿನ ಸಿಟ್ಟಿಗೆ ಮೊಟ್ಟೆ ಒಡಿ ಅಂತ ಹೇಳ್ಕೊಡಾಕೆ ಬಂದವ್ನೆ."

ಆದರೆ ಶ್ರೀರಂಗಯ್ಯನವರ ಮಾತು ಮಂಗಳಾಳಿಗೆ ಆಗಲೇ ರುಚಿಸಿತ್ತು. ಮದುವೆಗೆ ಮುಂಚಿನಿಂದಲೂ ಆ ಬೀದಿಯ ಹುಡುಗಿಯರಿಗೆ ಸಂಜೆ ಸಂಜೆ ಆಟ ಕಲಿಸಿದ್ದಳು. ಜ್ವರ ಬಂದರೆ ಆಸ್ಪತ್ರೆಗೆ ಕರೆದೊಯ್ದಿದ್ದಳು. ಇಷ್ಟೆಲ್ಲ ಮಾಡಿಸಿಕೊಂಡು ಹೀಗೆ ಮಾಡಿದರಲ್ಲ! ಇವತ್ತೇ ಹೋಗಿ, ಇನ್ನು ಆಟವಿಲ್ಲ ಎಂದು ಹೇಳಿಬರುವುದೆಂದು ತೀರ್ಮಾನಿಸಿದಳು.

ಸಂಜೆ ಕೊಬ್ಬರಿ ಮಂಡಿಯ ಹಿಂದಿನ ಬಯಲಿಗೆ ಬಂದಾಗ ಹುಡುಗಿಯರು ಸುಣ್ಣದ ಪುಡಿಯಲ್ಲಿ ಗೆರೆ ಎಳೆಯುತ್ತಿದ್ದರು. ಬದಿಯ ಕಲ್ಲಿನ ಮೇಲೆ ಟೈಲರ್ ರುಕ್ಸಾನ ಯಾರದೋ ರವಿಕೆಗೆ ಹುಕ್ಕು ಹಾಕುತ್ತ ಕೂತಿದ್ದಳು. ಅವಳ ಮಗಳು ಸುಮಯ್ಯಾಳೇ ತಂಡದ ಚುರುಕು ಆಟಗಾರ್ತಿ.

ಮಂಗಳಾ ಅವಳ ಎದುರು ನಿಂತಳು. ಹೇಳಬೇಕೆಂದು ಬಂದದ್ದು ಒಂದು, ಬಾಯಿಗೆ ಬಂದದ್ದು ಇನ್ನೊಂದು.

"ರುಕ್ಸಾನಕ್ಕ, ನೀವು ಯಾರಿಗೆ ಒತ್ತಿದ್ರಿ?"

ಕೇಳಬಾರದ ಪ್ರಶ್ನೆ. ರುಕ್ಸಾನ ದಾರವನ್ನು ಹಲ್ಲಿನಿಂದ ಕಡಿದಳು. "ನಿಮಗಲ್ಲ ಕಣ್ರೀ."

"ಗೆದ್ದನಲ್ಲ, ಆವಯ್ಯನಲ್ಲಿ ಏನ್ ಕಂಡ್ರಿ ಅಂತ?"

"ಏನೂ ಕಾಣ್ಲಿಲ್ಲ. ಅದಕ್ಕೇ ಹಾಕಿದ್ದು. ಅವ್ರು ಮೆಂಬರಾದ್ರೆ ನಮಗೇನೂ ಕಮ್ಮಿ ಆಗಲ್ಲ. ನೀವಾದ್ರೆ ಮಕ್ಳ ಸಂಜೆ ಆಟ ಹೋಯ್ತದೆ."

ರುಕ್ಸಾನ ಸೂಜಿಗೆ ಮತ್ತೆ ದಾರ ಪೋಣಿಸಿದಳು.

"ಪ್ರಚಾರ ಅಂತ ಹೋದೋರು ಒಂದ್ ತಿಂಗ್ಳು ಇತ್ತ ತಲೆ ಹಾಕ್ಲಿಲ್ಲ. ಇಲ್ಲಿ ಆಡು ಮೇಯ್ತಿದ್ವು. ನನ್ ಮಗಳು ಗೋಡೆ ಮುಟ್ಕಂಡು ಕಬಡ್ಡಿ ಕಬಡ್ಡಿ ಅನ್ನೋಳು. ಗೆಲ್ಲೋ ಮುಂಚೇನೇ ಹಿಂಗೆ, ಗೆದ್ದ ಮೇಲೆ ಸಿಕ್ತೀರಾ ಅಂತ ಕೆಂಪಕ್ಕ, ಪುಟ್ಟಗಂಗಮ್ಮ, ಎಲ್ಲಾ ಹುಡುಗೀರ ಅಮ್ಮಂದ್ರೂ ನಲ್ಲಿತಾವ ಮಾತಾಡ್ಕಂಡೇ ಹಾಕಿದ್ದು."

"ನನ್ನನ್ನ ಒಂದ್ ಮಾತು ಕೇಳಬೇಕಿತ್ತಲ್ವಾ?"

"ನೀವು ನಮ್ಮನ್ನ ಕೇಳ್ಕಂಡು ನಿಂತ್ರಾ?"

ಮಂಗಳಾ ಕಲ್ಲಿನ ಇನ್ನೊಂದು ಅಂಚಿನಲ್ಲಿ ಕೂತಳು. ಎದುರು ಪಾಳೆಯದವರು ಕಾಲು ಹಿಡಿದರೆ ಒದರಿಕೊಂಡು ಗೆರೆ ಮುಟ್ಟುವುದನ್ನು ಅವಳು ಬಲ್ಲಳು. ನಮ್ಮವರೇ ಹಿಡಿದರೆ ಏನು ಮಾಡಬೇಕೆಂದು ಯಾವ ಕೋಚೂ ಹೇಳಿಕೊಟ್ಟಿರಲಿಲ್ಲ. ದಾಳಿಗೆ ಹೋದವಳಿಗೆ ಎದುರಿನವರಷ್ಟೇ ಕಾಣುತ್ತಾರೆ. ಬೆನ್ನ ಹಿಂದೆ ತನ್ನ ಅಂಕಣದಲ್ಲಿ ಯಾರು ಹೇಗೆ ನಿಂತಿದ್ದಾರೆಂದು ತಿರುಗಿ ನೋಡುವಂತಿಲ್ಲ. ಪ್ರಚಾರದ ಆ ಒಂದು ತಿಂಗಳು ತಾನು ಮಾಡಿದ್ದೂ ಅದೇ.

ಚಿಕ್ಕವಳಿದ್ದಾಗ ಅಜ್ಜಿ ಹೇಳುತ್ತಿದ್ದ ನೀರಗಂಟಿಯ ಕಥೆ ನೆನಪಾಯಿತು. ಕೆರೆ ತೂಬು ಕಾಯುವವನೊಬ್ಬನನ್ನು ಮಂತ್ರಿ ಮಾಡುತ್ತೇನೆಂದು ರಾಜ ಪಲ್ಲಕ್ಕಿ ಕಳಿಸಿದನಂತೆ. ಇವನು ಹೋದರೆ ಗದ್ದೆಗೆ ನೀರು ಬಿಡುವವರಾರು ಎಂದು ಊರವರು ಅವನ ರುಮಾಲು ಬಚ್ಚಿಟ್ಟರಂತೆ. ಬರಿದಲೆಯಲ್ಲಿ ಆಸ್ಥಾನಕ್ಕೆ ಹೋಗುವುದು ಹೇಗೆ? ಪಲ್ಲಕ್ಕಿ ಬಂದ ದಾರಿಗೆ ಸುಂಕವಿಲ್ಲವೆಂದು ಹಿಂತಿರುಗಿತು. ಕೇಳಿದ ಮಕ್ಕಳೆಲ್ಲ ಬಿದ್ದು ಬಿದ್ದು ನಗುತ್ತಿದ್ದರು. ಆ ನೀರಗಂಟಿ ಏನಂದ ಎಂದು ಮಂಗಳಾ ಒಮ್ಮೆಯೂ ಕೇಳಿರಲಿಲ್ಲ. ಈಗ ಅವನು ಕಣ್ಣಿಗೆ ಕಟ್ಟಿದಂತೆ ಕಂಡ: ಕೆರೆ ಏರಿಯ ಮೇಲೆ ಕೂತಿದ್ದಾನೆ, ಊರಿಗೆ ತಾನಿಷ್ಟು ಬೇಕಲ್ಲ ಎಂಬ ಹಿಗ್ಗು ಒಂದು ಕಡೆ, ಆ ಪಲ್ಲಕ್ಕಿಯಲ್ಲಿ ಒಮ್ಮೆ ಕೂರುವ ಆಸೆ ಇನ್ನೊಂದು ಕಡೆ. ಎರಡೂ ನಿಜ. ಎರಡರಲ್ಲಿ ಒಂದನ್ನೂ ಅವನು ಬಾಯಿಬಿಟ್ಟು ಹೇಳಲಿಲ್ಲ, ಅದೇ ಅವನ ತಪ್ಪು.

"ಮುಂದಿನ ಸಲ ಮತ್ತೆ ನಿಲ್ತೀನಿ ರುಕ್ಸಾನಕ್ಕ," ಎಂದಳು ಮಂಗಳಾ. "ನನಗೆ ಅದೂ ಬೇಕು. ಈ ಬೀದಿ ಚರಂಡಿ ನೋಡಿದಾಗೆಲ್ಲ ಹೊಟ್ಟೆ ಉರೀತದೆ."

"ನಿಲ್ಲಿ, ಯಾರ್ ಬ್ಯಾಡ ಅಂದ್ರು? ಸಂಜೆ ಇವರನ್ನ ಆಡಿಸೋರು ಯಾರು ಅಂತ ಮೊದ್ಲು ತೋರ್ಸಿ. ಓಟು ತಾನೇ, ಬತ್ತದೆ ಬುಡಿ."

ಮಂಗಳಾ ರೂಢಿಯಂತೆ ಕೊರಳಿಗೆ ಹಾಕಿಕೊಂಡು ಬಂದಿದ್ದ ಸೀಟಿ ತೆಗೆದು, "ಲೇ ಸುಮಯ್ಯಾ, ಬಾರೇ ಇಲ್ಲಿ. ಇವತ್ತು ನೀನೇ ಆಡಿಸು," ಎಂದಳು.

"ನಾನಾ? ಇವ್ರು ನನ್ ಮಾತು ಕೇಳ್ತಾರಾ ಅಕ್ಕ?"

"ಕೇಳೋ ಹಂಗೆ ಹೇಳು."

ಸುಮಯ್ಯಾ ಸೀಟಿ ಊದಿದಳು. ಎರಡನೇ ದಾಳಿಗೇ ತಪ್ಪು ತೀರ್ಪು ಕೊಟ್ಟಳು. ಕೆಂಪಕ್ಕನ ಮಗಳು, "ಮುಟ್ಟೇ ಇಲ್ಲ ಕಣೇ, ಕಣ್ಣು ಎಲ್ಲಿಟ್ಟಿದ್ದೆ?" ಎಂದು ಸೊಂಟಕ್ಕೆ ಕೈಯಿಟ್ಟು ಜಗಳಕ್ಕೆ ನಿಂತಳು. ಮುಟ್ಟಿರಲಿಲ್ಲ ನಿಜ, ಮಂಗಳಾ ಕಣ್ಣಾರೆ ಕಂಡಿದ್ದಳು. ಅರ್ಧ ಎದ್ದವಳು ಅಂಕಣದತ್ತ ನೋಡಿದಳು. ಸುಮಯ್ಯಾ ಯಾರ ಮುಖವನ್ನೂ ನೋಡದೆ ಉಗುರು ಕಚ್ಚುತ್ತ ಯೋಚಿಸುತ್ತಿದ್ದಳು.

ತಿದ್ದುವುದಾದರೆ ಅವಳೇ ತಿದ್ದಲಿ ಎಂದು ಮಂಗಳಾ ಮತ್ತೆ ಕೂತು ತುಟಿ ಬಿಗಿದುಕೊಂಡಳು.