ಪೈಪಿಗೊಂದು ಕೌದಿ

ಮಳೆ ಹಿಡಿದು ಎಂಟು ದಿನವಾಗಿತ್ತು. ಎಂಬತ್ತಾರನೆಯ ಇಸವಿಯ ಶ್ರಾವಣ. ಮಾಳಿಗೆಯ ಮೇಲೆ ಒಣಹಾಕಿದ್ದ ತೊಗರಿಯನ್ನೆಲ್ಲ ಒಳಗೆ ತಂದು ರಾಶಿ ಹಾಕಿದ್ದರು, ರಾಶಿ ಬೆವರತೊಡಗಿತ್ತು. ಹಸಿ ತೊಗರಿಯನ್ನು ಗಿರಣಿಗೆ ಹಾಕಿದರೆ ಬೇಳೆಯಾಗುವುದಿಲ್ಲ, ನುಚ್ಚಾಗುತ್ತದೆ. ಅದಕ್ಕೇ ಆಳಂದದ ಬೇಳೆ ಗಿರಣಿಯ ದೌಲತರಾಯರು ಸೋಲಾಪುರದಿಂದ ಡೀಸೆಲ್ ಹೀಟರ್ ತರಿಸಿದರು.

ಹೀಟರ್ ಕೂತದ್ದು ಮನೆಗೆ ಅಂಟಿಕೊಂಡಿದ್ದ ಗಿರಣಿಯ ಹಿಂದಿನ ಕೋಣೆಯಲ್ಲಿ. ಬಿಸಿ ಗಾಳಿ ತೊಗರಿಗೆ ಹೋಗುತ್ತದೆ, ಸರಿ. ಹೊಗೆ ಎಲ್ಲಿಗೆ ಹೋಗಬೇಕು? ಎರಡು ಗೋಡೆಗಳ ಆಚೆ ಬೇರೆಯವರ ಮನೆ. ಮೂರನೆಯದರಲ್ಲಿ ಗಿರಣಿಯ ಒಳಕ್ಕೆ ಚೀಲ ಸಾಗಿಸುವ ಬಾಗಿಲು. ಉಳಿದವು ಎರಡೇ ದಾರಿ. ಜಂತಿಗಳ ನಡುವೆ ತೂತು ಕೊರೆದು ಹೊಗೆಯ ಪೈಪನ್ನು ಮಾಳಿಗೆಯ ಮೇಲಕ್ಕೆ ಒಯ್ಯುವುದು ಒಂದು. ನಾಲ್ಕನೆಯ ಗೋಡೆ ಒಡೆದು, ಪಕ್ಕದ ಕೋಣೆಯನ್ನು ಹಾಯ್ದು, ಅದರ ಕಿಡಕಿಯಿಂದ ಹೊರಗೆ ಬಿಡುವುದು ಇನ್ನೊಂದು. ಹಾಗಾದರೆ ಪೈಪಿನ ಸುತ್ತ ಇಟ್ಟಂಗಿ ಇಟ್ಟು ಕಿಡಕಿಯನ್ನು ಮುಚ್ಚಬೇಕು.

ಆ ಕೋಣೆ ಮಗಳು ನೀಲಗಂಗಾಳದು. ಅದಕ್ಕಿದ್ದುದು ಒಂದೇ ಕಿಡಕಿ.

ಅವಳು ಕಲಬುರ್ಗಿಯಲ್ಲಿ ಬಿ.ಎ. ಮುಗಿಸಿ ಬಂದು ಹದಿನಾಲ್ಕು ತಿಂಗಳಾಗಿತ್ತು. ಗಂಡು ನೋಡುವುದು ನಡೆದಿತ್ತು. ಅಲ್ಲಿಯವರೆಗೆ ಹೊಸ್ತಿಲ ಒಳಗೇ. ಕಿಡಕಿಯಿಂದ ಕಾಣುತ್ತಿದ್ದುದು ಮಹಾ ಏನಲ್ಲ. ಬಸ್ ಸ್ಟ್ಯಾಂಡಿಗೆ ಹೋಗುವ ಓಣಿಯ ಒಂದು ತುಂಡು, ಹಜರಾಬಿಯ ಬಳೆ ಅಂಗಡಿಯ ಅರ್ಧ ಹಲಗೆ. ಅಷ್ಟನ್ನೂ ಅವಳು ಒಂದು ಹೆಜ್ಜೆ ಹಿಂದೆ, ನೆರಳಿನಲ್ಲಿ ನಿಂತು ನೋಡುತ್ತಿದ್ದಳು. "ಕಿಡಕ್ಯಾಗ ನಿಂದ್ರೋ ಹುಡಗಿ ಅಂತ ಹೆಸರು ಬಿತ್ತಂದ್ರ ಮುಗೀತು. ಮುಚ್ಚಿಸಿಬಿಡ್ತೀನಿ ನೋಡು," ಎಂದು ಅಪ್ಪ ಒಮ್ಮೆ ಹೇಳಿದ್ದರು. ಅವರು ಎರಡನೆಯ ಸಲ ಹೇಳುವವರಲ್ಲ.

ಹೀಟರ್ ಕೂಡಿಸಲು ಬಂದ ನಾಗಣ್ಣ ಮಿಸ್ತ್ರಿ ಮಾಳಿಗೆಯ ದಾರಿಯನ್ನೇ ಹಿಡಿದ.

"ಮಾಳಗೀಲೆ ಒಯ್ಯೋಣ್ರಿ ಸಾವಕಾರ್ರಿ. ಜಂತಿ ಕಟ್ಟಿಗೀವು, ಪೈಪು ಕೆಂಡ ಆಗ್ತದ. ಪೈಪಿಗೆ ಒಂದು ದಪ್ಪಂದು ಕೌದಿ ಹೊಚ್ಚಬೇಕ್ರಿ. ದೋರಿ ನಾ ತರ್ತೀನಿ."

ಪೈಪು ಏರಿಸಿ, ಜಂತಿಯ ನಡುವೆ ಸಡಿಲಾಗಿ ನಿಲ್ಲಿಸಿ, ಅಫಜಲಪುರದಲ್ಲಿ ಇನ್ನೊಂದು ಕೆಲಸವಿದೆ, ಮೂರನೆಯ ದಿನ ಬರುತ್ತೇನೆಂದು ಹೊರಟ. ಓಣಿಗಿಳಿದವನು ನೀಲಗಂಗಾಳ ಕಿಡಕಿಯ ಕೆಳಗೇ ನಿಂತು ಬೀಡಿ ಹಚ್ಚಿ ಹಮಾಲನೊಬ್ಬನಿಗೆ ಹೇಳುತ್ತಿದ್ದ: "ಆಸ್ಬೆಸ್ಟಾಸ್ ದೋರಿ ಅಂತ ಬರ್ತದ ನೋಡು, ಕಲ್ಲಿನ ದೋರಿ. ಒಲ್ಯಾಗ ಒಗದರೂ ಸುಡಂಗಿಲ್ಲ. ನೀರಾಗ ತೋಯಿಸಿ, ಸುತ್ತಿಗೆ ಸುತ್ತು ಹಚ್ಚಿ ಬಿಗೀಬೇಕು. ಅದೇ ಪೈಪಿನ ಕೌದಿ."

ಒಳಗೆ ದೌಲತರಾಯರ ಲೆಕ್ಕವೇ ಬೇರೆ. ಕೌದಿ ಮನೆಯಲ್ಲಿದೆ. ದೋರಿ ಅಂದರೆ ಹಗ್ಗ, ಅದನ್ನು ಕಟ್ಟಲು. ಕಟ್ಟುವ ದೋರಿಗಾಗಿ ಮೂರು ದಿನ ಯಾಕೆ ಕಾಯಬೇಕು, ತಂತಿಯಿಂದ ಬಿಗಿದರಾಯಿತು.

ಅವ್ವ ಗುರುಬಾಯಿ ಸಂದೂಕಿನಿಂದ ಹಳೆಯ ಕೌದಿ ತೆಗೆದಳು. ಹತ್ತು ಸೀರೆಗಳ ತುಂಡು ಹೊಲಿದದ್ದು, ಭಾರಿ ದಪ್ಪ. ಸುಡಬಾರದೆಂದು ಅದನ್ನು ನೀರಿನ ಹೌದಿನಲ್ಲಿ ಅದ್ದಿದಳು.

"ಅವ್ವಾ," ನೀಲಗಂಗಾ ಹತ್ತಿರ ಬಂದು ಮೆಲ್ಲಗೆ ಅಂದಳು, "ಮಿಸ್ತ್ರಿ ಅಂದಿದ್ದು ಹೊಚ್ಚಿಕೊಳ್ಳೋ ಅರಬಿ ಕೌದಿ ಅಲ್ಲ."

"ಮತ್ತ?"

"ದೋರೀನೇ ಕೌದಿ. ಕಲ್ಲಿನ ದೋರಿ."

"ಕಲ್ಲಿನ ದೋರಿ ಅಂತ. ನಾಳಿಗಿ ನೀರಿನ ಸೀರಿ ಉಡ್ತೀ ಏನು? ಯಾರು ಹೇಳಿದ್ರು ನಿನಗ?"

ಅದನ್ನು ಹೇಳುವಂತಿರಲಿಲ್ಲ. ಕಿಡಕಿಯಲ್ಲಿ ನಿಂತು ಗಂಡಸರ ಮಾತು ಕೇಳಿದೆ ಅಂದರೆ ಕಿಡಕಿ ಹೋಯಿತು. ಹೇಳದಿದ್ದರೆ ಕೌದಿ ಸುಟ್ಟು, ಮಾಳಿಗೆಯ ದಾರಿ ಕೆಟ್ಟು, ಆಗಲೂ ಕಿಡಕಿ ಹೋಯಿತು.

"ಯಾರು ಹೇಳಿದ್ರು ಅಂದೆ."

"ಎಲ್ಲೋ ಓದಿದ್ದೆ."

"ಓದಿದ್ದು ಆಕಡೆ ಇಡು. ಈ ತುದಿ ಹಿಡಿ ಬಾ, ಹಿಂಡೋಣು."

ಅವಳು ತುದಿ ಹಿಡಿದಳು.

ಕೌದಿಯನ್ನು ಪೈಪಿಗೆ ತಂತಿಯಿಂದ ಬಿಗಿದು ಹೀಟರ್ ಹಚ್ಚಿದರು. ಒಂದು ತಾಸು ಎಲ್ಲ ಚೆನ್ನಾಗಿತ್ತು. ಒದ್ದೆ ಕೌದಿಯಿಂದ ಬಿಳಿ ಉಗಿ ಏಳುತ್ತಿತ್ತು, ದೌಲತರಾಯರು ಕೈ ಹಿಂದೆ ಕಟ್ಟಿ ನಗುತ್ತ ನಿಂತಿದ್ದರು. ನೀರು ಆರಿತು. ಬಟ್ಟೆ ಸುಟ್ಟ ವಾಸನೆ ಅಡುಗೆಮನೆಯವರೆಗೆ ಬಂದಾಗ ಜಂತಿಯ ಅಂಚು ಆಗಲೇ ಕರ್ರಗಾಗಿತ್ತು. ನಾಲ್ಕು ಜನ ಕೊಡ ಹಿಡಿದು ಓಡಾಡಿದರು. ಬೆಂಕಿ ಆರಿದ ಮೇಲೆ ಅಪ್ಪ ಒಂದೇ ಮಾತು ಹೇಳಿದರು: "ಮಾಳಗಿ ಬ್ಯಾಡ. ಕಿಡಕೀಲೆ ಒಯ್ರಿ." ಸಂಜೆಯೊಳಗೆ ಮಾಳಿಗೆಯ ತೂತಿಗೆ ಮಣ್ಣು ಮೆತ್ತಿಸಿದರು. ಮರುದಿನ ಅವಳ ಕೋಣೆಯ ಗೋಡೆ ಒಡೆಸಿ ಇಟ್ಟಂಗಿ ಇಳಿಸಿದರು.

ಮೂರನೆಯ ದಿನ ನಾಗಣ್ಣ ಬಿಳಿಯ ದಪ್ಪ ದೋರಿಯ ಸುರುಳಿಯನ್ನು ಹೆಗಲಿಗೆ ಹಾಕಿಕೊಂಡು ಬಂದ. ಸುಟ್ಟ ಕೌದಿಯನ್ನು ಕಾಲಿನಿಂದ ಹೊರಳಿಸಿ ನೋಡಿದ.

"ಏನ್ರಿ ಸಾವಕಾರ್ರಿ, ಪೈಪಿಗೆ ಥಂಡಿ ಹತ್ತಿತ್ತೇನ್ರಿ?"

ಹಮಾಲರು ನಕ್ಕರು. ದೌಲತರಾಯರು ನಗಲಿಲ್ಲ. "ಕೌದಿ ಅಂದಿದ್ದು ನೀನೇ. ಈಗ ಕಿಡಕೀಲೆ ಹಚ್ಚು."

"ದೋರಿ ಬಂದದಲ್ರಿ ಅಪ್ಪಾ," ಬಾಗಿಲಿನಿಂದ ನೀಲಗಂಗಾ ಅಂದಳು. ದನಿ ತನ್ನದೇ ಎಂದು ಅವಳಿಗೆ ಅನ್ನಿಸಲಿಲ್ಲ. "ಇದನ್ನ ಸುತ್ತಿದ್ರ ಮಾಳಗೀಲೆ ಒಯ್ಯಬಹುದಲ್ರಿ."

ಎಲ್ಲರೂ ತಿರುಗಿದರು.

"ಆಕಿ ಅವತ್ತೇ ಅಂದಿದ್ಳು," ಗುರುಬಾಯಿ ಗೊಣಗಿದಳು, "ಕಲ್ಲಿನ ದೋರಿ ಅಂತ."

"ನಿನಗ ಹ್ಯಾಂಗ ಗೊತ್ತು?" ಅಪ್ಪ ಕೇಳಿದರು.

"ಕಿಡಕ್ಯಾಗ ನಿಂತು ಕೇಳಿದ್ದೆ. ಇವರು ಹೊರಗ ಹೇಳಾಕತ್ತಿದ್ರು."

ಬೈಗುಳ ಬರುತ್ತದೆಂದು ಅವಳು ಕಾದಳು. ಬರಲಿಲ್ಲ. ಅಪ್ಪ ಕಿಡಕಿಯನ್ನು ನೋಡಿದರು, ಇಟ್ಟಂಗಿಯನ್ನು ನೋಡಿದರು. "ಮಳಿಗಾಲದಾಗ ಮತ್ತೊಮ್ಮೆ ಮಾಳಗಿ ಒಡಿಯಂಗಿಲ್ಲ. ಹಚ್ಚು ನಾಗಣ್ಣ."

ಅವಳು ಮಿಸ್ತ್ರಿಯತ್ತ ತಿರುಗಿದಳು. "ಕಿಡಕೀ ಮ್ಯಾಲಿನ ಅರ್ಧದಾಗ ಪೈಪು ಹಾಯಿಸಿ, ಕೆಳಗಿನ ಬಾಗಿಲಾ ತೆರದಿಡಬಹುದಲ್ರಿ? ದೋರಿ ಸುತ್ತಿದ್ರ ಕಟ್ಟಿಗಿ ಸುಡಂಗಿಲ್ಲಲ್ರಿ."

"ಕಟ್ಟಿಗಿ ಸುಡಂಗಿಲ್ಲ, ಖರೇ ಅದ," ನಾಗಣ್ಣ ತಲೆ ತಗ್ಗಿಸಿದ. "ಆದ್ರ ಹೊಗಿ ತಿರುಗಿ ಒಳಗ ಬರ್ತದವ್ವಾ. ಕಿಡಕೀಲೆ ಒಯ್ದ ಮ್ಯಾಲ ಪೂರಾ ಮುಚ್ಚಲೇಬೇಕು."

ಅದು ನಿಜವಿತ್ತು.

ನಾಗಣ್ಣ ಪೈಪನ್ನು ಅವಳ ಕೋಣೆಯೊಳಗಿಂದ ಕಿಡಕಿಗೆ ಹಾಯಿಸಿ, ದೋರಿ ತೋಯಿಸಿ ಹೀಟರಿನ ಕಡೆಯಿಂದ ಸುತ್ತುತ್ತ ಬಂದ. ಸುತ್ತುಗಳ ನಡುವೆ ಉಗುರು ಹೋಗದಷ್ಟು ಬಿಗಿ. ಗೌಂಡಿ ಇಟ್ಟಂಗಿ ಏರಿಸಿದ. ಮೊದಲು ಓಣಿ ಹೋಯಿತು, ಆಮೇಲೆ ಬಳೆ ಅಂಗಡಿಯ ಹಲಗೆ, ಕೊನೆಗೆ ಆಕಾಶ. ಹೀಟರ್ ಗುಡುಗಿತು. ಕೋಣೆಯಲ್ಲಿ ಬಲ್ಬು ಹಾಕಿದರು.

"ದಿನಾ ಯಾರರ ಒಬ್ಬರು ಲಕ್ಷ್ಯ ಇಡಬೇಕ್ರಿ," ಹೊರಡುವಾಗ ನಾಗಣ್ಣ ಹೇಳಿದ. "ಪೈಪಿನ ಜೋಡಿನ ಮ್ಯಾಲಿನ ಸುತ್ತು ಸಡ್ಲಾತಂದ್ರ ಹೊಗಿ ಒಳಗ ನುಸೀತದ."

"ನೀಲಾ ಇದ್ದಾಳಲ್ಲ," ಅಂದರು ಅಪ್ಪ. ಆ ದನಿಯಲ್ಲಿ ಸಿಟ್ಟಿರಲಿಲ್ಲ, ಮೆಚ್ಚುಗೆಯೇ ಇತ್ತು. "ಆಕಿಗಿ ಎಲ್ಲಾ ತಿಳೀತದ."

"ಬಿ.ಎ. ಓದಿಸಿದ್ದು ಉಪಯೋಗಕ್ಕ ಬಂತು," ಅಂದಳು ಅವ್ವ.

ಅಂದಿನಿಂದ ಹೀಟರ್ ಉರಿಯುವಷ್ಟು ಹೊತ್ತೂ ನೀಲಗಂಗಾ ಕೋಣೆ ಬಿಡುವಂತಿರಲಿಲ್ಲ. ಮೊದಲ ಮಧ್ಯಾಹ್ನ ಅವಳು ಪೈಪಿನ ಮೇಲೆ ಕೈಯಿಟ್ಟು ನೋಡಿದಳು. ದೋರಿ ಬೆಚ್ಚಗಿತ್ತು, ಕೈ ತಡೆಯುವಷ್ಟು. ಒಳಗೆ ಹರಿಯುತ್ತಿದ್ದ ಹೊಗೆ ಗೋಡೆ ದಾಟಿ ಓಣಿಗೆ ಹೋಗುತ್ತಿತ್ತು.

"ನೀಲಾ, ಸುಡಾಕತ್ತದೇನು?" ಗೋಡೆಯಾಚೆಯಿಂದ ಅಪ್ಪ ಕೂಗಿದರು.

"ಇಲ್ರಿ."

"ಹೊಗಿ?"

"ಇಲ್ರಿ ಅಪ್ಪಾ."

"ಹಾಂಗಾದ್ರ ಎದ್ದುಗಿದ್ದು ಹೋಗಬ್ಯಾಡ. ಅಲ್ಲೇ ಕುಂದ್ರು."