ಓಗೊಡುವ ಬಾವಿ

ವಿಡಿಯೋ ಗೇಮ್ ತಯಾರಿಸುವ ಆ ಆಫೀಸಿನಲ್ಲಿ ಒಂದು ಪದ್ಧತಿಯಿತ್ತು. ಗೇಮಿನ ಲೋಕದಲ್ಲಿ ಯಾವುದನ್ನಾದರೂ ಉಳಿಸಿಕೊಳ್ಳಬೇಕೆಂದರೆ, ಮಿಕ್ಕವರು ‘ಯಾಕೆ?’ ಎನ್ನುವುದನ್ನು ನಿಲ್ಲಿಸುವ ತನಕ ಉತ್ತರ ಹೇಳುತ್ತಲೇ ಇರಬೇಕು. ಲೋಕ ಕಟ್ಟುವ ಕೆಲಸ ಅವಳದು. ಅದು ಫ್ಯಾಂಟಸಿ ಗೇಮ್ ಆಗಿದ್ದಷ್ಟು ದಿನ ಉತ್ತರಕ್ಕೆ ತಡಕಾಡಬೇಕಿರಲಿಲ್ಲ. ಹಳ್ಳಿಯ ಬಾವಿಗೆ ಬಗ್ಗಿ ಕೂಗಿದರೆ ಒಂದು ದನಿ ಓಗೊಡುತ್ತದೆ. ಯಾಕೆ? ಅದು ಓಗೊಡುವ ಬಾವಿ. ಅಷ್ಟಕ್ಕೇ ಎಲ್ಲರೂ ತಲೆಯಾಡಿಸಿದ್ದರು.

ಆ ದನಿ ಅವಳ ಗಂಡನದು. ಅದೇ ಆಫೀಸಿನಲ್ಲಿ ಶಬ್ದದ ಕೆಲಸ ನೋಡಿಕೊಳ್ಳುತ್ತಿದ್ದವನು, ಬೇರೆ ಯಾರೂ ಸಿಗದ ಒಂದು ಮಧ್ಯಾಹ್ನ ತಾನೇ ಮೈಕಿನ ಮುಂದೆ ಕೂತು, ಮನೆಯಲ್ಲಿ ಮಗಳಿಗೆ ಹೇಳುವ ಧಾಟಿಯಲ್ಲೇ ಹೇಳಿದ್ದ: “ಬಂದೆ ಬಂದೆ! ಏನು, ಊರು ಹತ್ಕೊಂಡು ಉರೀತಿದ್ಯಾ?” ಅಂಥವೇ ಇನ್ನಷ್ಟು. ಆಮೇಲೆ ಬೇಸಿಗೆಯಲ್ಲಿ ಜ್ವರವೆಂದು ಮಲಗಿದವನು ಮೇಲೇಳಲಿಲ್ಲ. ಮಗಳು ಮಾತ್ರ ದಿನಾ ಮನೆಯ ಕಂಪ್ಯೂಟರಿನಲ್ಲಿ ಆ ಬಾವಿಗೆ ಬಗ್ಗಿ ‘ಅಪ್ಪಾ’ ಎಂದು ಕೂಗುತ್ತಿದ್ದಳು. ತಾಯಿ ಬೇಡವೆನ್ನಲಿಲ್ಲ. ಒಲೆಯ ಮುಂದೆ ನಿಂತು ತಾನೂ ಕಿವಿಗೊಡುತ್ತಿದ್ದಳು.

ಹಾಗಿರುವಾಗ ಆಫೀಸಿನ ಯಜಮಾನರು ಫ್ಯಾಂಟಸಿಗೆ ಗಿರಾಕಿಯಿಲ್ಲ, ಇದೇ ಲೋಕವನ್ನು ಸೈನ್ಸ್ ಫಿಕ್ಷನ್ ಮಾಡಿ ಎಂದರು. ಹಳ್ಳಿ ಹೋಗಿ ದೂರದ ಗ್ರಹದ ವಸತಿಯಾಯಿತು, ಮಂತ್ರವಾದಿ ಡಾಕ್ಟರಾದ. ಬಾವಿಯ ಸರದಿ ಬಂತು.

“ಬಾವಿ ತೆಗೆದುಬಿಡೋಣ ಅಕ್ಕ,” ಎಂದ ಪ್ರೋಗ್ರಾಮರ್. ಎಲ್ಲದಕ್ಕೂ ಕೊಕ್ಕೆ ಹಾಕುವುದರಿಂದ ಅವನಿಗೆ ಕೊಕ್ಕೆರಾಯ ಎಂದೇ ಹೆಸರು. “ಎತ್ತು ಈಯಿತು ಅಂದ್ರೆ ಕೊಟ್ಟಿಗೆಗೆ ಕಟ್ಟು ಅಂತಿದ್ದ ಕಾಲ ಹೋಯ್ತು. ಈಗ ಎತ್ತು ಹೇಗೆ ಈಯಿತು ಅಂತ ಹೇಳ್ಬೇಕು.”

“ಹೇಳ್ತೀನಿ, ಕೇಳು.”

“ಓಗೊಡೋದು ಯಾರು?”

“ಒಬ್ಬ ಇಂಜಿನಿಯರ್. ಸತ್ತುಹೋಗಿದ್ದಾನೆ. ದನಿ ಮುದ್ರಿಸಿಟ್ಟಿದ್ದ.”

ಕೊಕ್ಕೆರಾಯ ತಲೆ ತಗ್ಗಿಸಿದ. ಮುಂದಿನದನ್ನು ಯಜಮಾನರೇ ಕೇಳಬೇಕಾಯಿತು. “ಅದಕ್ಕೆ ಕರೆಂಟ್ ಎಲ್ಲಿಂದಮ್ಮಾ?”

“ಬ್ಯಾಟರಿ, ಸರ್.”

“ಮುಗಿಯೋದೇ ಇಲ್ವಾ?”

“ಮುಗಿಯುತ್ತೆ. ಕರೆದಷ್ಟೂ ಖರ್ಚಾಗುತ್ತೆ.”

ಮತ್ತೆ ಯಾರೂ ‘ಯಾಕೆ’ ಎನ್ನಲಿಲ್ಲ. ಬಾವಿ ಉಳಿಯಿತು. ಬಸ್ಸಿನಲ್ಲಿ ಮನೆ ಮುಟ್ಟುವವರೆಗೂ ಅವಳು ಗೆದ್ದವಳಂತೆಯೇ ಕೂತಿದ್ದಳು.

ಹಳೆಯದರ ಜಾಗಕ್ಕೆ ಹೊಸ ಗೇಮ್ ಮನೆಗೆ ಬಂದ ಸಂಜೆ ಒಳಗಿನ ಕೋಣೆಯಲ್ಲಿ ಸದ್ದೇ ಇರಲಿಲ್ಲ. ಹೋಗಿ ನೋಡಿದರೆ ಮಗಳು ಬಾವಿಯ ಮುಂದೆಯೇ ಇದ್ದಾಳೆ, ಕೂಗುತ್ತಿಲ್ಲ. ಬಾವಿಯ ಗೋಡೆಯಲ್ಲಿ ಬ್ಯಾಟರಿ ಎಷ್ಟು ಉಳಿದಿದೆಯೆಂದು ತೋರಿಸುವ ಹಸಿರು ದೀಪದ ಒಂದು ಪಟ್ಟಿ. ಅಕ್ಕನಿಗೆ ಖುಷಿಯಾಗಲೆಂದು ಕೊಕ್ಕೆರಾಯ ಮನಸ್ಸಿಟ್ಟು ಮಾಡಿದ್ದು. ಅದು ಆಗಲೇ ಅರ್ಧಕ್ಕಿಳಿದಿತ್ತು.

“ಮೂರೇ ಸಲ ಕರೆದೆ ಅಮ್ಮ. ದನಿ ಸಣ್ಣಗಾಗಿಹೋಯ್ತು. ಯಾರು ಹೀಗೆ ಮಾಡಿದ್ದು?”

“ನಾನೇ ಪುಟ್ಟಿ. ಇಲ್ಲಾಂದ್ರೆ ಬಾವೀನೇ ತೆಗೆದುಹಾಕ್ತಿದ್ರು.”

ಮಗಳು ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಚೆನ್ನಾಗಿತ್ತು.

“ಅಪ್ಪ ಮಾತಾಡಿದ್ದೆಲ್ಲ ನನ್ನ ಹತ್ರ ಇದೆ ಕಣೇ. ಹಾಕಿಕೊಡ್ತೀನಿ. ಎಷ್ಟು ಸಲ ಬೇಕಾದ್ರೂ ಕೇಳು, ಮುಗಿಯಲ್ಲ.”

“ಅದು ಬರೀ ಕೇಳಿಸುತ್ತೆ,” ಎಂದಳು ಮಗಳು. “ಕರೆದ್ರೆ ಬರಲ್ಲ.”



ಮಗಳು ಗೇಮಿನೊಳಗೆ ಆ ಗ್ರಹದ ಉಗ್ರಾಣದಿಂದ ಪೆಟ್ಟಿಗೆಗಳನ್ನು ಒಂದೊಂದಾಗಿ ತಳ್ಳಿಕೊಂಡು ಬಂದು ಬಾವಿಯ ಸುತ್ತ ಒಟ್ಟತೊಡಗಿದಳು.

“ಏನೇ ಇದು?”

“ಚಿಕ್ಕಪ್ಪನ ಮಕ್ಕಳು ಬರ್ತಾರಲ್ಲ ಭಾನುವಾರ. ಕೋತಿಗಳು, ಸುಮ್ಸುಮ್ನೆ ಕೂಗಿಬಿಟ್ರೆ?”

ಒಂದು ಕಡೆ ಇನ್ನೂ ಸಂದಿಯಿತ್ತು, ಪೆಟ್ಟಿಗೆಗಳು ಮುಗಿದಿದ್ದವು. ಅವಳು ಮಗಳ ಪಕ್ಕದಲ್ಲಿ ಕೂತು, ಆ ಲೋಕದಲ್ಲಿ ಇನ್ನೊಂದು ಪೆಟ್ಟಿಗೆಯನ್ನು ತಾನು ಎಲ್ಲಿಟ್ಟಿದ್ದೆನೆಂದು ತೋರಿಸಿಕೊಟ್ಟಳು.