ದಾನಮ್ಮನ ಕೆಂಪು ಬೆಳಕು

ದಾನಮ್ಮ ತೀರಿಕೊಂಡಳೆಂಬ ಸುದ್ದಿ ಆಸ್ಪತ್ರೆಯಿಂದ ಬಂದದ್ದು ಆಯುಧಪೂಜೆಯ ಬೆಳಿಗ್ಗೆ. ಪ್ರಯೋಗಾಲಯದ ಆಯಾ ಕಲ್ಲವ್ವ ಬಾಗಿಲ ಚೌಕಟ್ಟಿಗೆ ಹಣೆ ಚಚ್ಚಿಕೊಂಡಳು. ರಸಾಯನಶಾಸ್ತ್ರದ ಹುಣಸೀಕಟ್ಟಿ ಸರ್ ತಡೆಯಲು ಹೋದರೆ ಅವರ ಕೈಯನ್ನೇ ಕಚ್ಚಿದಳು. ನಾನು ಗಾಜಿನ ಚೂರುಗಳ ನಡುವೆ ಬಿದ್ದಿದ್ದೆ.

ನಾನು ಒಂದು ಅತಿನೇರಳೆ ಕೈದೀಪ. ಕಾರ್ಖಾನೆಯಲ್ಲಿ ಕಪ್ಪು ಗಾಜಿನ ಮುಖ ಹೊತ್ತು ಹುಟ್ಟಿದೆ. ನನ್ನ ಬೆಳಕು ಮನುಷ್ಯರ ಕಣ್ಣಿಗೆ ಅಷ್ಟಾಗಿ ಕಾಣದು. ಅದು ಬಿದ್ದ ವಸ್ತು ಹೊಳೆದರೆ ಮಾತ್ರ ನನ್ನ ಬಾಳು ಸಾರ್ಥಕ. ಮೊದಲು ಬ್ಯಾಂಕಿನಲ್ಲಿದ್ದೆ. ನನ್ನಡಿ ನೋಟಿನ ಎಳೆ ಹೊಳೆಯಲಿಲ್ಲ, ಅದು ಖೋಟಾ ಎಂದು ಕ್ಯಾಷಿಯರು ಒಬ್ಬ ತರಕಾರಿಯವನ ಕೆನ್ನೆಗೆ ಬಾರಿಸಿದ್ದನ್ನು ಕಂಡಿದ್ದೇನೆ. ಅಲ್ಲಿಗೆ ಹೊಸ ಯಂತ್ರ ಬಂದಮೇಲೆ ಹುಣಸೀಕಟ್ಟಿ ಸರ್ ನನ್ನನ್ನು ಕೇಳಿ ತಂದು, ತಮ್ಮ ಸಂಶೋಧನಾ ವಿದ್ಯಾರ್ಥಿನಿ ದಾನಮ್ಮನ ಕೈಗಿತ್ತರು.

ಅವಳ ಹಟ ಒಂದೇ: ಯುರೋಪಿಯಂ ಲೋಹವನ್ನು ಕೆಂಪಗೆ ಬೆಳಗಿಸಬೇಕು. ಆ ಲೋಹ ನನ್ನ ಬೆಳಕನ್ನು ತಾನಾಗಿ ಹೆಚ್ಚು ಹೀರಲಾರದು. ಸುತ್ತ ಲಿಗ್ಯಾಂಡ್ ಎಂಬ ಸಾವಯವ ಅಣುವನ್ನು ಹೆಣೆದರೆ, ಅದು ಹೀರಿ ಒಳಗೆ ದಾಟಿಸುತ್ತದೆ. ನಡುವೆ ನೀರು ನುಸುಳಿದರೆ ಆ ಬೆಳಕನ್ನು ನುಂಗಿಬಿಡುತ್ತದೆ. ದಾನಮ್ಮ ಎಷ್ಟೋ ಲಿಗ್ಯಾಂಡ್ ಕಟ್ಟಿದಳು, ಎಲ್ಲವೂ ಮಂಕು. ಕೊನೆಗೆ ಲೋಹವನ್ನು ಪೂರ್ತಿ ತಬ್ಬುವ ಒಂದನ್ನು ಕಟ್ಟಿದಳು. ಉಪ್ಪಿನ ಇನ್ನೊಂದು ಭಾಗ ಲೋಹಕ್ಕೆ ಅಂಟಿ ಅದರ ದಾರಿಗೆ ಅಡ್ಡ ಬರಬಾರದೆಂದು ಯುರೋಪಿಯಮ್ಮಿನ ಪರ್‌ಕ್ಲೋರೇಟ್ ಉಪ್ಪನ್ನು ಬಳಸಿದಳು. ಒಣಗಿ ಕೆರೆದರೆ ಸಿಡಿಯುವ ವಸ್ತು ಅದು. ಅದಕ್ಕೇ ಬಟ್ಟಲಲ್ಲಿ ಸದಾ ಮದ್ಯಸಾರ ಸುರಿದು ಹಸಿಯಾಗಿಡುತ್ತಿದ್ದಳು. ಪೂಜೆ ಮುಗಿದಮೇಲೆ ಅದನ್ನು ನನ್ನಡಿ ಹಿಡಿದು ನೋಡುವವಳಿದ್ದಳು.

ಪೂಜೆಯ ಮುನ್ನಾದಿನ ಕತ್ತಲಾದರೂ ಎಲ್ಲರೂ ಗಾಜು ತೊಳೆದು, ಒರೆಸಿ, ಜೋಡಿಸುತ್ತಿದ್ದರು.

“ಎವ್ವಾ, ನಾಳೆ ಪೂಜಿ ಐತಿ. ಈ ಬಟ್ಟಲಾ ಹಿಂಗ ರಾಡಿ ಇಟ್ರ ದೇವರು ಒಳಗ ಬರತಾನೇನ?” ಎಂದಳು ಕಲ್ಲವ್ವ.

“ದೇವರು ಬರತಾನ ಬೇ, ನೀ ಮುಟ್ಟಬ್ಯಾಡ ಅಷ್ಟ!” ಎಂದು ನಕ್ಕು ದಾನಮ್ಮ ಚೆಂಡುಹೂ ತರಲು ಹೋದಳು.

ಮುದುಕಿಗೆ ಮನಸ್ಸು ತಡೆಯಲಿಲ್ಲ. ಬಟ್ಟಲನ್ನು ಬಿಸಿಪೆಟ್ಟಿಗೆಯಲ್ಲಿ ಒಣಗಿಸಿದಳು. ಅಂಟಿದ್ದ ಪುಡಿಯನ್ನು ಉಕ್ಕಿನ ಚಮಚದಿಂದ ಕೆರೆಯತೊಡಗಿದಳು. ಬಾಗಿಲಲ್ಲಿ ಹೂವಿನ ಬುಟ್ಟಿ ಬಿತ್ತು.

“ಬಿಡಬೇ! ಕೈ ಬಿಡ!”

ದಾನಮ್ಮ ಓಡಿಬಂದು ಅವಳನ್ನು ಒದ್ದಂತೆ ದೂಡಿ ಬಟ್ಟಲನ್ನು ಕಸಿದುಕೊಂಡಳು. ಕಲ್ಲವ್ವನ ಕೈಯ ಚಮಚ ಇನ್ನೊಮ್ಮೆ ಅದರ ಅಂಚಿಗೆ ತಾಗಿತು. ಮೇಜು ಸೀಳಿತು, ಕಿಟಕಿಗಳು ಹಾರಿದವು, ನಾನು ಗೋಡೆಗೆ ಬಡಿದು ಉರುಳಿದೆ. ಉರುಳುವಾಗ ನನ್ನ ಗುಂಡಿ ಒತ್ತಿಹೋಯಿತು.

ಕರೆಂಟು ಹೋಗಿ ಹೊಗೆ ಕವಿದಿತ್ತು. ಆ ಕತ್ತಲಲ್ಲಿ ಸಿಡಿಯದೆ ಚದುರಿದ ಪುಡಿ, ಗೋಡೆಯ ಮೇಲೆ, ಕಲ್ಲವ್ವನ ಸೆರಗಿನ ಮೇಲೆ, ಕೆಂಡದಂತೆ ಬೆಳಗಿತು. ಅಂಥ ಕೆಂಪನ್ನು ನಾನು ಎಂದೂ ಕಂಡಿರಲಿಲ್ಲ. ದಾನಮ್ಮನ ಎದೆಯಿಂದ ಹರಿದ ರಕ್ತ ನನ್ನ ಬೆಳಕಿನಲ್ಲಿ ಕಪ್ಪಾಗಿತ್ತು.

“ಬೆಳಗಾಕತ್ತೈತೇನಬೇ?” ಎಂದಳು ಅವಳು. ಕಣ್ಣು ಹೋಗಿದ್ದವು.

“ಬೆಳಗೇತಿ ನನ್ನವ್ವಾ, ಬೆಳಗೇತಿ.”

ಮುಂದೆ ಸರ್ ಆ ಲಿಗ್ಯಾಂಡನ್ನು ಸಿಡಿಯದ ಉಪ್ಪಿನೊಡನೆ ಕಟ್ಟಿದರು. ಹೊಳೆಯಿತು, ಅಷ್ಟಲ್ಲ. ನಾನೀಗ ಉಗ್ರಾಣದ ಮೂಲೆಯಲ್ಲಿದ್ದೇನೆ, ಮುಖ ಒಡೆದಿದೆ. ಬೆಳಕು ಬೇಡಿದವಳಿಗೆ ಬೆಂಕಿ ಸಿಕ್ಕಿತೇಕೆಂದು ನಾನು ದೇವರನ್ನು ಕೇಳುವುದನ್ನು ಬಿಟ್ಟಿದ್ದೇನೆ. ಬೇಡುವುದಿಷ್ಟೆ: ಶಿವನೇ, ಸುಟ್ಟ ಆ ಮೈಗೆ ನಿನ್ನ ಮಡಿಲಲ್ಲಿ ತಂಪು ಕೊಡು. ಕಾಣದೆ ಹೋದ ಆ ಕೆಂಪನ್ನು ಅವಳ ಕಣ್ಣಿಗೆ ನೀನೇ ತೋರಿಸು. ನನ್ನ ದಾನಮ್ಮನಿಗೆ ಶಾಂತಿ ಕೊಡು, ತಂದೆ.